ಹೂಬೀಜದ ಕೊಳುಕೊಡೆ

ಒಂದು ಬೆಂಕಿಪೊಟ್ಟಣದಲ್ಲಿ ಎಷ್ಟು ದೊಡ್ಡ ತೋಟ ಹಿಡಿಸೀತು? ಕೇಳುಗರಿಗೆ ಇದೊಂದು ಒಗಟಿನಂತೆ ತೋರಬಹುದು. ಹೊಸಪೇಟೆಯ ನಮ್ಮ ಮನೆಯ ಗೋಡೆಗೂಡಿನಲ್ಲಿ ಅಂತಹ 18 ಪೊಟ್ಟಣಗಳಿವೆ. ಒಂದರಲ್ಲಿ ಮೆಣಸಿನ ಕಾಳನ್ನು ಹೋಲುವ ಸಂಜೆಮಲ್ಲಿಗೆಯ ಬೀಜ, ಇನ್ನೊಂದರಲ್ಲಿ ಕಪ್ಪು ಕಡ್ಡಿಗೆ ಬಿಳಿಯ ಬಾಲ ಅಂಟಿಸಿದಂತಿರುವ ಚೆಂಡುಹೂವಿನ ಬೀಜ, ಮತ್ತೊಂದರಲ್ಲಿ ಸಾಸುವೆಗಿಂತ ತುಸು ದಪ್ಪನಾದ ಕರ್ಣಕುಂಡಲದ ಬೀಜ. ಇವುಗಳಲ್ಲಿ ಹಣ ಕೊಟ್ಟು ತಂದವು ಮೂರೋ ನಾಲ್ಕೋ. ಉಳಿದವೆಲ್ಲವೂ ಹಂಪೆ, ಸಂಡೂರು, ಕಂಪ್ಲಿಗಳ ಮನೆಗಳಿಂದ, ಸೆರಗಿನ ತುದಿಯಲ್ಲಿಯೋ ಅಂಗಿಯ ಜೇಬಿನಲ್ಲಿಯೋ ಪ್ರಯಾಣಮಾಡಿ ಬಂದವು. ಅವುಗಳಿಗೆ ಪ್ರತಿಯಾಗಿ ನಮ್ಮ ಹಿತ್ತಲಿನ ಬೀಜಗಳೂ ಆ ಊರುಗಳಿಗೆ ಹೋಗಿವೆ. ಈ ಕೊಳುಕೊಡೆಯು ಕೇವಲ ವಿನೋದವಲ್ಲ, ಮನೆಯಂಗಳದ ಹೂಗಳು ಉಳಿಯುವುದಕ್ಕೆ ಇದಕ್ಕಿಂತ ಬಲವಾದ ಉಪಾಯವಿಲ್ಲವೆಂಬುದನ್ನು ನಿವೇದಿಸುವುದೇ ಈ ಭಾಷಣದ ಉದ್ದೇಶ. ಕಾಲೇಜಿನಲ್ಲಿ ನಾವು ಕಲಿಸುವುದು ಇಂಗ್ಲಿಷು ಸಾಹಿತ್ಯವನ್ನೇ ಹೊರತು ಸಸ್ಯಶಾಸ್ತ್ರವನ್ನಲ್ಲ. ಆದುದರಿಂದ ಇಲ್ಲಿ ಹೇಳುವುದರಲ್ಲಿ ಅರ್ಧ ಪುಸ್ತಕದಿಂದ ಬಂದದ್ದು, ಅರ್ಧ ಪೆಟ್ಟು ತಿಂದು ಕಲಿತದ್ದು.

ಮೊದಲು ಹಂಪೆಯ ಮಾತು. 1443ರಲ್ಲಿ ಹೆರಾತಿನ ದೊರೆಯ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಝಾಕನು, ವಿಜಯನಗರದ ಬೀದಿಗಳಲ್ಲಿ ಎಲ್ಲೆಲ್ಲಿಯೂ ಗುಲಾಬಿ ಮಾರುತ್ತಿದ್ದುದನ್ನು ಕಂಡು, ಈ ಜನಕ್ಕೆ ಹೂವು ಅನ್ನದಷ್ಟೇ ಅವಶ್ಯವೆಂದು ಬರೆದಿಟ್ಟಿದ್ದಾನೆ. ಇಂದು ದಸರೆ ದೀಪಾವಳಿಗಳಲ್ಲಿ ಹೊಸಪೇಟೆಯ ಪೇಟೆಗೆ ಹೋಗಿ ನೋಡಿದರೆ ರಾಶಿರಾಶಿಯಾಗಿ ಬಿದ್ದಿರುವುದು ಚೆಂಡುಹೂವು. ಆದರೆ ಆ ರಾಯಭಾರಿಯ ಕಣ್ಣಿಗೆ ಚೆಂಡುಹೂವು ಬಿದ್ದಿರಲಾರದು. ಏಕೆಂದರೆ ಅದರ ತವರು ಮೆಕ್ಸಿಕೋ ದೇಶ, ಮತ್ತು ಕೊಲಂಬಸನು ಅಮೆರಿಕಕ್ಕೆ ಹೋದದ್ದು 1492ರಲ್ಲಿ. ಸಂಜೆಮಲ್ಲಿಗೆಯೂ ಜಿನಿಯವೂ ಆ ಖಂಡದಿಂದಲೇ ಬಂದವು. ನಿತ್ಯಕಲ್ಯಾಣಿಯು ಮಡಗಾಸ್ಕರಿನದು. ಇತ್ತ ನಮ್ಮ ಕರ್ಣಕುಂಡಲವು ಈ ದೇಶದಿಂದ ಹೊರಟು ಯೂರೋಪಿನ ತೋಟಗಳನ್ನು ಸೇರಿತು. ನಮ್ಮ ಅಜ್ಜಿಯರು ಹುಟ್ಟಾ ನಮ್ಮದೆಂದು ನಂಬಿದ ಹೂಗಳಲ್ಲಿ ಅನೇಕವು ಹೀಗೆ ಕೈಯಿಂದ ಕೈಗೆ ದಾಟಿ ಬಂದ ಅತಿಥಿಗಳು. ದೊರೆಗಳೂ ಈ ಕೆಲಸವನ್ನು ಮಾಡಿದರು. ಹೈದರಾಲಿಯು 1760ರಲ್ಲಿ ತೊಡಗಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ಟಿಪ್ಪುವು ಹೊರದೇಶಗಳಿಂದ ಗಿಡಬೀಜಗಳನ್ನು ತರಿಸಿದನು. 1874ರಲ್ಲಿ ಅದರ ಆಡಳಿತಕ್ಕೆ ಬಂದ ಕ್ಯಾಮರನ್ನರ ಕಾಲದಲ್ಲಿ ಸೀಮೆಬದನೆಯು ಬೆಂಗಳೂರಿಗೆ ಬಂದಿತು. ಜಗತ್ತಿನ ದೊಡ್ಡ ಸಸ್ಯೋದ್ಯಾನಗಳು ತಮ್ಮಲ್ಲಿರುವ ಬೀಜಗಳ ಪಟ್ಟಿಯನ್ನು ಅಚ್ಚುಹಾಕಿಸಿ ಒಂದಕ್ಕೊಂದು ಕಳುಹಿಸಿಕೊಳ್ಳುವ ಪದ್ಧತಿಯುಂಟು. ನಾವು ಬೆಂಕಿಪೊಟ್ಟಣದಲ್ಲಿ ಮಾಡುವುದು ಅದನ್ನೇ.

ಆದರೆ ಕೊಡುವ ಮುನ್ನ ಕೊಡುವ ವಸ್ತುವನ್ನು ತಿಳಿದಿರಬೇಕು. ಸಂಡೂರಿನಲ್ಲಿ ನಮಗಾದ ಮಾನಭಂಗವನ್ನು ಇಲ್ಲಿ ಹೇಳಿಕೊಳ್ಳುವುದು ಉಚಿತ. ಒಂದು ವರ್ಷ ಬೆಂಗಳೂರಿನಿಂದ ಚೆಂಡುಹೂವಿನ ಬೀಜದ ಪೊಟ್ಟಣವೊಂದನ್ನು ಕೊಂಡು ತಂದೆವು. ಹೂವು ಕಿತ್ತಳೆಯ ಗಾತ್ರ, ದಳದ ಮೇಲೆ ದಳ. ಅದರ ಬೀಜವನ್ನು ಕಟ್ಟಿಟ್ಟು, ಸಂಡೂರಿನಲ್ಲಿರುವ ನಮ್ಮ ಮಿತ್ರರೊಬ್ಬರಿಗೆ ಬಹಳ ಹೊಗಳಿ ಕೊಟ್ಟೆವು. ಮುಂದಿನ ದಸರೆಗೆ ಅವರಿಂದ ಒಂದು ಕಾರ್ಡು ಬಂದಿತು: “ತಾವು ಕಳುಹಿದ ಅತಿಥಿಗಳು ಬಂದಿದ್ದಾರೆ. ಆದರೆ ತಾವು ವರ್ಣಿಸಿದವರಲ್ಲಿ ಒಬ್ಬರೂ ಕಾಣುವುದಿಲ್ಲ.” ಹೋಗಿ ನೋಡಿದರೆ, ಒಂದು ಗಿಡ ಎತ್ತರ, ಒಂದು ಗಿಡ್ಡ; ಒಂದು ಹೂವು ಒಂಟಿಸುತ್ತಿನದು, ಒಂದು ಹಳದಿ, ಒಂದು ಕಿತ್ತಳೆ.

ಕಾರಣವೇನು? ಅಂಗಡಿಯ ಆ ಬೀಜ ಸಂಕರಬೀಜ. ಬೇರೆಬೇರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲನೆಯ ಪೀಳಿಗೆ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತೆ ಬರುತ್ತದೆ. ಅದರ ಬೀಜವನ್ನು ಬಿತ್ತಿದರೆ ಅಜ್ಜ ಅಜ್ಜಿಯರ ಗುಣಗಳು ಬಿಡಿಬಿಡಿಯಾಗಿ ಹೊರಬೀಳುತ್ತವೆ. ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ನಮ್ಮ ಹಿತ್ತಲಿನ ಸಂಜೆಮಲ್ಲಿಗೆಯೇ. ಜರ್ಮನಿಯ ಕಾರ್ಲ್ ಕೊರೆನ್ಸ್ ಎಂಬ ವಿಜ್ಞಾನಿಯು ಕೆಂಪು ಹೂವಿನ ಗಿಡವನ್ನೂ ಬಿಳಿ ಹೂವಿನ ಗಿಡವನ್ನೂ ಕೂಡಿಸಿದಾಗ ಮಕ್ಕಳೆಲ್ಲ ಗುಲಾಬಿ ಬಣ್ಣದವಾದವು. ಆ ಗುಲಾಬಿಯವುಗಳಿಂದಲೇ ಬೀಜ ತೆಗೆದು ಬಿತ್ತಿದಾಗ, ಮೊಮ್ಮಕ್ಕಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಬಣ್ಣ ನಷ್ಟವಾಗಿರಲಿಲ್ಲ, ಅಡಗಿತ್ತು. ಈ ನಿಯಮವನ್ನು ಬಲ್ಲವನು ಸಂಡೂರಿನ ಮಿತ್ರರಿಗೆ ಅಂತಹ ಬೀಜವನ್ನು ಹೊಗಳಿ ಕೊಡುತ್ತಿರಲಿಲ್ಲ. ಅಂಗಡಿಯ ಸಂಕರಬೀಜವನ್ನು ಬಿತ್ತಿ ಆನಂದಿಸಲು ಯಾವ ಅಡ್ಡಿಯೂ ಇಲ್ಲ. ಅದರ ಸಂತಾನವನ್ನು ಮಾತ್ರ “ಹೀಗೆಯೇ ಬರುತ್ತದೆ” ಎಂದು ವಚನವಿತ್ತು ಕೊಡಬಾರದು.

ಮನೆಯ ತಳಿಗಳಲ್ಲಿಯೂ ಭೇದವುಂಟು. ಶಂಖಪುಷ್ಪದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದ ತಾನೇ ಕಾಯಿಕಟ್ಟುವುದರಿಂದ, ನೀಲಿಯ ಬೀಜ ನೀಲಿಯನ್ನೇ ಕೊಡುತ್ತದೆಂದು ಸಾಮಾನ್ಯವಾಗಿ ನಂಬಬಹುದು. ಚೆಂಡುಹೂವು, ಜಿನಿಯ, ಕರ್ಣಕುಂಡಲಗಳಲ್ಲಿ ಜೇನುಹುಳುವೂ ಚಿಟ್ಟೆಯೂ ನೆರೆಮನೆಯ ಪರಾಗವನ್ನು ತಂದು ಸೇರಿಸುತ್ತವೆ. ಬಣ್ಣ ಕೆಡಬಾರದೆಂದರೆ ಒಂದು ಅಂಗಳದಲ್ಲಿ ಒಂದೇ ಬಣ್ಣವನ್ನು ಬೆಳೆಯುವುದು ಸುಲಭೋಪಾಯ. ಮಲ್ಲಿಗೆ, ಗುಲಾಬಿ, ಸೇವಂತಿಗೆಗಳ ವಿಷಯದಲ್ಲಿ ಬೀಜದ ಗೊಡವೆಯೇ ಬೇಡ. ಮೊದಲಿನ ಎರಡಕ್ಕೆ ಕಡ್ಡಿ, ಸೇವಂತಿಗೆಗೆ ಬುಡದ ಮರಿ. ಹೂವಿನ ಹಡಗಲಿಯ ಮಲ್ಲಿಗೆ ಊರೂರಿಗೆ ಹಬ್ಬಿದ್ದು ಗಿಡದಿಂದಲೇ ಹೊರತು ಬೀಜದಿಂದಲ್ಲ. ನಾಟಿ ಕನಕಾಂಬರಕ್ಕೆ ಬೀಜವುಂಟು, ಡೆಲ್ಲಿ ಕನಕಾಂಬರವೆಂಬುದು ಬೀಜವನ್ನೇ ಕಟ್ಟುವುದಿಲ್ಲ. ನಾಟಿಯ ಒಣಗಿದ ತೆನೆಗೆ ನೀರು ಸೋಕಿದೊಡನೆ ಕಾಯಿಗಳು ಪಟಪಟನೆ ಸಿಡಿದು ಬೀಜ ದೂರಕ್ಕೆ ಹಾರುವುದರಿಂದ, ಮಳೆ ಬೀಳುವ ಮುನ್ನ ತೆನೆಯನ್ನು ಕೊಯ್ದು, ಮುಚ್ಚಳವಿರುವ ಪಾತ್ರೆಯಲ್ಲಿ ನೀರು ಚಿಮುಕಿಸಿ ಮುಚ್ಚಿಡಬೇಕು. ಒಳಗೆ ನಡೆಯುವ ಪಟಾಕಿಯನ್ನು ಕೇಳಲು ಮಕ್ಕಳು ಸುತ್ತ ಸೇರುತ್ತಾರೆ.

ಬೀಜ ಹಿಡಿಯುವುದರಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾದ ಒಂದು ತಪ್ಪುಂಟು. ಅದು ಭಕ್ತಿಯಿಂದಲೇ ಹುಟ್ಟಿದ ತಪ್ಪು. ಅತ್ಯಂತ ಚೆಲುವಾದ ಹೂವನ್ನು ದೇವರಿಗೆಂದು ಕೊಯ್ಯುತ್ತೇವೆ, ಅದರ ಮುಂದಿನದು ಜಡೆಗೆ ಹೋಗುತ್ತದೆ. ಯಾರಿಗೂ ಬೇಡವಾಗಿ ಗಿಡದಲ್ಲಿ ಉಳಿದ ಬಡಕಲು ಹೂವು ಒಣಗಿ ಬೀಜವಾಗುತ್ತದೆ. ಅದನ್ನೇ ಮುಂದಿನ ವರ್ಷ ಬಿತ್ತುತ್ತೇವೆ. ಹತ್ತು ವರ್ಷ ಹೀಗೆ ನಡೆದರೆ ಹೂವು ಸಣ್ಣದಾಯಿತೆಂದು ನೆಲವನ್ನು ದೂರುತ್ತೇವೆ. ಇದಕ್ಕೆ ಪರಿಹಾರ ಬಹು ಸುಲಭ. ಆರೋಗ್ಯವಾದ ಗಿಡದಲ್ಲಿ ಮೊದಲು ಅರಳಿದ ಒಳ್ಳೆಯ ಹೂಗಳಲ್ಲಿ ಎರಡು ಮೂರಕ್ಕೆ ಬಣ್ಣದ ದಾರವನ್ನು ಕಟ್ಟುವುದು. ದಾರ ಕಟ್ಟಿದ ಹೂವನ್ನು ಯಾರೂ ಕೊಯ್ಯಕೂಡದೆಂದು ನಮ್ಮ ಮನೆಯಲ್ಲಿ ಶಾಸನವಾಗಿದೆ. ಅದು ಮುಂದಿನ ವರ್ಷದ ದೇವರ ಪಾಲು ಎಂದು ಹೇಳಿದ ಮೇಲೆ ನಮ್ಮ ತಾಯಿಯವರೂ ಒಪ್ಪಿದರು.

ಇನ್ನು ಬೀಜವನ್ನು ಇಡುವ ಕ್ರಮ. ಬೀಜವು ಸತ್ತ ವಸ್ತುವಲ್ಲ. ಒಳಗೆ ಎಳೆಯ ಸಸಿ, ಅದಕ್ಕೆ ಬುತ್ತಿ, ಮೇಲೆ ಕವಚ; ಬಲು ಮೆಲ್ಲಗೆ ಅದು ಉಸಿರಾಡುತ್ತಲೇ ಇರುತ್ತದೆ. ತೇವವೂ ಸೆಕೆಯೂ ಆ ಉಸಿರನ್ನು ಬಿರುಸುಮಾಡಿ ಬುತ್ತಿಯನ್ನು ಬೇಗ ಮುಗಿಸುತ್ತವೆ. ಬೀಜದೊಳಗಿನ ತೇವ ನೂರಕ್ಕೆ 1ರಷ್ಟು ಇಳಿದಾಗಲೆಲ್ಲ, ಅಥವಾ ಇಟ್ಟ ಸ್ಥಳದ ಉಷ್ಣ 5 ಡಿಗ್ರಿಯಷ್ಟು ಇಳಿದಾಗಲೆಲ್ಲ, ಒಂದು ಮಿತಿಯೊಳಗೆ ಅದರ ಆಯುಸ್ಸು ಸುಮಾರಾಗಿ ಇಮ್ಮಡಿಯಾಗುವುದೆಂದು ಅಮೆರಿಕದ ಹ್ಯಾರಿಂಗ್ಟನ್ ಎಂಬ ವಿದ್ವಾಂಸನು ಒಂದು ಸ್ಥೂಲನಿಯಮವನ್ನು ಹೇಳಿದ್ದಾನೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ಮುಟ್ಟುವ ನಮ್ಮ ಸೀಮೆಗೆ ಇದು ಎಚ್ಚರಿಕೆಯ ಮಾತು. ಬೀಜವನ್ನು ನೆರಳಿನಲ್ಲಿ ಗಾಳಿಗೆ ಹರಡಿ ಚೆನ್ನಾಗಿ ಒಣಗಿಸಿ, ಕಾಗದದಲ್ಲಿ ಕಟ್ಟಿ, ಬಿಗಿಯಾದ ಗಾಜಿನ ಸೀಸೆಯಲ್ಲಿ ಹುರಿದು ಆರಿಸಿದ ಅಕ್ಕಿಯೊಂದಿಗೆ ಇಟ್ಟರೆ ಅಕ್ಕಿಯು ಉಳಿದ ತೇವವನ್ನು ಹೀರಿಕೊಳ್ಳುತ್ತದೆ. ಹಿಂದಿನವರು ಒಲೆಯ ಬೂದಿಯನ್ನು ಬೆರೆಸಿ ಗಡಿಗೆಯಲ್ಲಿಡುತ್ತಿದ್ದುದೂ ಇದೇ ಅರ್ಥದಲ್ಲಿ. ಬೆಂಕಿಪೊಟ್ಟಣವು ಕೊಡುವುದಕ್ಕೆ ಚೆನ್ನ. ಮಳೆಗಾಲವನ್ನು ಕಳೆಯುವುದಕ್ಕೆ ಅದನ್ನೂ ಸೀಸೆಯೊಳಗೇ ಇಡಬೇಕು.

ಇದನ್ನು ನಾವು ಕಲಿತದ್ದು ಒಂದು ನಷ್ಟದಿಂದ. ನಮ್ಮ ತಾಯಿಯವರು ತವರಿನಿಂದ ತಂದ ಒಂದು ಕರ್ಣಕುಂಡಲವಿತ್ತು. ಬಿಳಿಯ ದಳದ ಮೇಲೆ ಕುಂಕುಮ ಚಿಮುಕಿಸಿದಂತಹ ಚುಕ್ಕೆ. ಒಂದು ವರ್ಷ ಕಾರ್ತಿಕದ ಜಡಿಮಳೆಯಲ್ಲಿ ಅದರ ಬೀಜವನ್ನು ಅರೆಬರೆ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಟ್ಟೆವು. ಮುಂಗಾರಿನಲ್ಲಿ ತೆರೆದರೆ ಬೂಷ್ಟು. ಬಿತ್ತಿದ್ದರಲ್ಲಿ ಒಂದೂ ಏಳಲಿಲ್ಲ. ತಾಯಿಯವರು ಏನನ್ನೂ ಹೇಳಲಿಲ್ಲ. ಬರಿಯ ಪಾತಿಯ ಮುಂದೆ ಅವರು ದಿನಾ ಬೆಳಗ್ಗೆ ನಿಲ್ಲುತ್ತಿದ್ದುದೇ ಸಾಕಾಗಿತ್ತು.

ಆಗ ನೆನಪಾಯಿತು: ಮೂರು ವರ್ಷಗಳ ಹಿಂದೆ ಮದುವೆಯೊಂದಕ್ಕೆ ಕಂಪ್ಲಿಗೆ ಹೋಗಿದ್ದಾಗ, ಬೀಡಾರದ ಪಕ್ಕದ ಮನೆಯ ಮುದುಕಿಯೊಬ್ಬರಿಗೆ ಆ ಬೀಜವನ್ನು ಒಂದು ಚಿಟಿಕೆ ಕೊಟ್ಟಿದ್ದೆವು. ಸುಮಾರು 30 ಕಿಲೋಮೀಟರಿನ ದಾರಿ. ಭಾನುವಾರವೇ ಹೊರಟೆವು. ನದಿಯ ಕಡೆಯ ಆ ಓಣಿಯಲ್ಲಿ, ಬಾಗಿಲ ಮಗ್ಗುಲಿಗೆ, ಎಂಟು ಹತ್ತು ಗಿಡಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಅದೇ ಚುಕ್ಕೆಯವು. ಸಂಕೋಚದಿಂದಲೇ ವಿಷಯವನ್ನು ತಿಳಿಸಿ, “ಅವ್ವಾ, ನಾಲ್ಕು ಬೀಜ ಕೊಡಲಿಕ್ಕಾಗುತ್ತದೆಯೆ?” ಎಂದೆವು. ಆಕೆ ನಕ್ಕರು: “ನಿಮ್ಮ ಬೀಜಾನ ಐತಿ, ತಗೋರಿ ಮಾಸ್ತರೆ. ಬ್ಯಾರೆ ಬಣ್ಣದ್ದು ಹುಟ್ಟಿದ್ರ ಮೊದಲ್ನೇ ಹೂವಿಗೇ ಕಿತ್ತು ತಿಪ್ಪಿಗೆ ಹಾಕೀನಿ. ಇವನ್ನಷ್ಟ ಉಳಿಸೀನಿ.” ಜೇನುಹುಳುವು ಬಣ್ಣ ಬೆರೆಸುವ ಮುನ್ನ ಬೇರೆಯದನ್ನು ಕಿತ್ತುಹಾಕುವುದು ತಳಿಯನ್ನು ಶುದ್ಧವಾಗಿಡುವ ಶಾಸ್ತ್ರೀಯ ಕ್ರಮ. ಆಕೆ ಅದನ್ನು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಬಲಿತ ಕಾಯಿಯನ್ನು ಮುಟ್ಟಿದರೆ ಸಿಡಿದು ಬೀಜ ಚೆಲ್ಲಿಹೋಗುವುದೆಂದು, ಅಂಗೈಯನ್ನು ಬಟ್ಟಲು ಮಾಡಿ ಹಿಡಿದು, ಒಂದೊಂದಾಗಿ ಬಿಡಿಸಿ ಕೊಟ್ಟರು. ನಾವು ಭದ್ರವಾಗಿ ಮುಚ್ಚಿಟ್ಟ ಬೀಜ ಸತ್ತಿತ್ತು, ಕೊಟ್ಟ ಬೀಜ ಬದುಕಿತ್ತು.

ಇದು ಆಕಸ್ಮಿಕವಲ್ಲ. ಸಂಡೂರಿನದು ಕಬ್ಬಿಣದ ಅದಿರಿನ ಕೆಂಪು ಮಣ್ಣು, ನೀರು ನಿಲ್ಲದು. ಕಂಪ್ಲಿಯದು ನದೀತೀರದ ಭೂಮಿ, ತೇವ ಆರದು. ಹೊಸಪೇಟೆಗೆ ಕಾಲುವೆಯ ನೀರು, ಹಂಪೆಗೆ ಬಂಡೆಯ ಕಾವು. ಒಂದೂರಿನಲ್ಲಿ ಮಳೆ ಕೆಡಿಸಿದ್ದು ಇನ್ನೊಂದೂರಿನಲ್ಲಿ ನಿಂತೀತು. ಒಂದು ಮನೆಯ ಮರೆವು ನಾಲ್ಕು ಮನೆಗಳ ಮರೆವಾಗದು. ಭತ್ತ ಮೊದಲಾದ ಧಾನ್ಯಗಳ ನಾಟಿ ತಳಿಗಳಿಗಾಗಿ ‘ಸಹಜ ಸಮೃದ್ಧ’ದಂತಹ ಸಂಸ್ಥೆಗಳು ನಮ್ಮ ನಾಡಿನಲ್ಲಿ ಬೀಜಮೇಳಗಳನ್ನು ನಡೆಸುತ್ತಿವೆ. ಚುಕ್ಕೆಯ ಕರ್ಣಕುಂಡಲಕ್ಕೆ ಹಿತ್ತಲಿನವರೇ ಕಾವಲು.

ಕೊಡುವವರು ಪಾಲಿಸಬೇಕಾದ ಮರ್ಯಾದೆಗಳು ಕೆಲವು. ಪೊಟ್ಟಣದ ಮೇಲೆ ಹೂವಿನ ಹೆಸರು, ಬಣ್ಣ, ಒಂಟಿಸುತ್ತೋ ಗೊಂಚಲುದಳವೋ, ಹಿಡಿದ ತಿಂಗಳು ವರ್ಷ, ಮನೆಯ ತಳಿಯೋ ಅಂಗಡಿಯದೋ ಎಂಬುದನ್ನು ಬರೆಯತಕ್ಕದ್ದು. ಹಳೆಯ ಬೀಜವಾದರೆ ಒದ್ದೆಬಟ್ಟೆಯಲ್ಲಿ 10 ಕಾಳನ್ನು ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ ಅದನ್ನೂ ತಿಳಿಸುವುದು ಪ್ರಾಮಾಣಿಕತೆ. ಸಂಜೆಮಲ್ಲಿಗೆಯ ಬೀಜ ವಿಷವಾದುದರಿಂದ, ಮೆಣಸೆಂದು ಮಕ್ಕಳು ಬಾಯಿಗೆ ಹಾಕದಂತೆ ಗುರುತು ಮಾಡಿಯೇ ಕೊಡಬೇಕು. ಪಡೆದವರು ಬೀಜದ ದಪ್ಪಕ್ಕೆ ಎರಡರಷ್ಟು ಆಳದಲ್ಲಿ ಬಿತ್ತಲಿ. ಪಿಟೂನಿಯದಂತಹ ಧೂಳುಬೀಜವನ್ನು ಮರಳಿನಲ್ಲಿ ಬೆರೆಸಿ ಮೇಲೆಯೇ ಉದುರಿಸಲಿ. ಚೆಂಡುಹೂವು, ಜಿನಿಯ, ಕರ್ಣಕುಂಡಲಗಳಿಗೆ ಮುಂಗಾರು. ಪಿಟೂನಿಯ, ಫ್ಲಾಕ್ಸುಗಳಿಗೆ ನಮ್ಮಲ್ಲಿ ಚಳಿಗಾಲ ಗಿಡ್ಡವಾದುದರಿಂದ ದಸರೆಯ ಸುಮಾರಿಗೇ ಒಟ್ಲುಪಾತಿ ಮಾಡಬೇಕು.

ಕೊಡಬಾರದ ಬೀಜಗಳೂ ಉಂಟು. ಅಂದಕ್ಕೆಂದು ತೋಟಗಳಿಗೆ ತಂದ ಲಂಟಾನವು ಇಂದು ಕರ್ನಾಟಕದ ಕಾಡುಗಳನ್ನು ನುಂಗುತ್ತಿದೆ. ಹೊರದೇಶದ ನೆಂಟರಿಂದ ಲಕೋಟೆಯಲ್ಲಿ ಬೀಜ ತರಿಸಬೇಕೆನ್ನುವವರು, 2003ರ ಸಸ್ಯಸಂರೋಧದ ಆಜ್ಞೆಯಂತೆ ಅನುಮತಿಯಿಲ್ಲದೆ ಹಾಗೆ ತರಿಸಲಾಗದೆಂಬುದನ್ನು ತಿಳಿದಿರಬೇಕು. ಹಾಗೆಯೇ ಸಂಡೂರಿನ ಬೆಟ್ಟದಲ್ಲಿ 12 ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ಬೀಜಕ್ಕೆ ಕೈಹಾಕಬಾರದು. ಆ ಗಿಡ ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ, ಸಾಯುತ್ತದೆ. ಆ ಬೀಜವೇ ಬೆಟ್ಟದ ಮುಂದಿನ ಪೀಳಿಗೆ.

ಕಂಪ್ಲಿಯಿಂದ ಮರಳಿ ಬಂದ ಕರ್ಣಕುಂಡಲವು ಈಗ ನಮ್ಮ ಪಾತಿಯಲ್ಲಿದೆ, ಸಂಡೂರಿನ ಮಿತ್ರರ ಕುಂಡದಲ್ಲಿದೆ, ಹಂಪೆಯ ಎರಡು ಮನೆಗಳಲ್ಲಿದೆ. ಮಿತ್ರರಿಂದ ಈ ಸಲವೂ ಒಂದು ಕಾರ್ಡು ಬಂದಿತು: “ಅತಿಥಿಗಳು ಹೇಳಿದ ವೇಷದಲ್ಲಿಯೇ ಬಂದಿದ್ದಾರೆ.” ಕೇಳುಗರ ಮನೆಗಳಲ್ಲಿಯೂ ಅಂತಹ ಒಂದು ಹಳೆಯ ಹೂವು ಇದ್ದೀತು. ಈ ಮಳೆಗಾಲ ಮುಗಿಯುವುದರೊಳಗೆ ಅದಕ್ಕೊಂದು ದಾರ ಕಟ್ಟಿರಿ. ಬೀಜ ಬಲಿತಾಗ ಎರಡು ಪಾಲು ಮಾಡಿ, ಒಂದನ್ನು ಸೀಸೆಯಲ್ಲಿಡಿರಿ, ಇನ್ನೊಂದನ್ನು ಬೇರೆ ಊರಿನ ಯಾರಿಗಾದರೂ ಕೊಡಿರಿ.