ಕಂಪ್ಯೂಟರ್ ಸೈನ್ಸ್: ಸೀಟು ಹುಡುಕುವ ಮೊದಲು ಮಗುವನ್ನು ಕೇಳೋಣ

ಎಸೆಸೆಲ್ಸಿ ಫಲಿತಾಂಶ ಬಂದ ಮೇಲೆ ಕೆಲವು ವಾರ ನಮ್ಮ ಬ್ಯಾರಿ ಮನೆಗಳಲ್ಲಿ ಒಂದೇ ಮಾತು. ಸುಬ್‌ಹಿ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುವಾಗ, ಮದ್ರಸಕ್ಕೆ ಮಕ್ಕಳನ್ನು ಬಿಡಲು ಬಂದಾಗ, ಮದುವೆ ಮನೆಯ ಊಟಕ್ಕೆ ಕುಳಿತಾಗ ಅದೇ ಪ್ರಶ್ನೆ: "ಉಸ್ತಾದೇ, ಮೋನು ಕಂಪ್ಯೂಟರ್ ಸೈನ್ಸ್ ಮಾಡ್ತೇನೆ ಅಂತಾನೆ. ಎಂತ ಮಾಡುದು?" ಕೆಲವು ಮನೆಗಳಲ್ಲಿ ಮೋನು ಬಾಯಿಯೇ ಬಿಟ್ಟಿರುವುದಿಲ್ಲ. ದುಬೈಯಿಂದ ಬಾಪ ಫೋನ್ ಮಾಡಿ ಹೇಳಿದ್ದಾರೆ, ಮಾಮ ತಲೆಯಾಡಿಸಿದ್ದಾರೆ, ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಒಳ್ಳೆಯ ಕಂಪೆನಿಯಲ್ಲಿದ್ದಾನೆ. ಅಷ್ಟಕ್ಕೇ ತೀರ್ಮಾನ ಆಗಿಬಿಟ್ಟಿರುತ್ತದೆ.

ನಾವು ಮದ್ರಸದಲ್ಲಿ ಕಲಿಸುವವರು, ಎಂಜಿನಿಯರಿಂಗ್ ಓದಿದವರಲ್ಲ. ಆದರೆ ಈ ಮಕ್ಕಳನ್ನು ಸಣ್ಣ ಪ್ರಾಯದಿಂದ ದಿನಾ ನೋಡುವವರು. ಯಾರಿಗೆ ಯಾವುದರಲ್ಲಿ ಮನಸ್ಸು ನಿಲ್ಲುತ್ತದೆ, ಯಾರಿಗೆ ನಿಲ್ಲುವುದಿಲ್ಲ ಎಂದು ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತದೆ. ನಮಗೆ ಕಾಣುವುದು ಇಷ್ಟು: ಈ ತೀರ್ಮಾನದಲ್ಲಿ ಮೂರು ವಿಷಯ ಉಂಟು. ಮೊದಲನೆಯದು ಮಗು, ಎರಡನೆಯದು ಪಿಯುಸಿಯಲ್ಲಿ ತೆಗೆದುಕೊಳ್ಳುವ ವಿಷಯಗಳು, ಮೂರನೆಯದು ಹಣ. ನಮ್ಮಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ. ಮೊದಲು ಸೀಟು ಮತ್ತು ಹಣದ ಮಾತು, ಕೊನೆಗೆ ಮಗುವಿನ ಮಾತು. ತೊಂದರೆ ಶುರುವಾಗುವುದು ಅಲ್ಲಿಯೇ.

ಮೊಬೈಲ್ ಹಿಡಿದವರೆಲ್ಲ ಕಂಪ್ಯೂಟರ್‌ನವರಲ್ಲ

"ನಮ್ಮ ಹುಡುಗ ಯಾವಾಗಲೂ ಮೊಬೈಲಿನಲ್ಲೇ ಇರ್ತಾನೆ, ಅವನಿಗೆ ಕಂಪ್ಯೂಟರ್ ಲೈನೇ ಸರಿ" ಎಂದು ಉಮ್ಮಂದಿರು ಹೇಳುವುದುಂಟು. ಬಿರಿಯಾನಿ ತಿನ್ನಲು ಇಷ್ಟವಿದ್ದವರೆಲ್ಲ ಭಂಡಾರಿಗಳಾಗುವುದಿಲ್ಲ. ಕಂಪ್ಯೂಟರ್ ಸೈನ್ಸ್ ಎಂದರೆ ಕಂಪ್ಯೂಟರ್ ಬಳಸುವುದಲ್ಲ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಬುದ್ಧಿಯಿಲ್ಲದ ಯಂತ್ರಕ್ಕೂ ತಪ್ಪದಂತೆ ಹೇಳಿಕೊಡುವ ವಿದ್ಯೆ ಅದು. ಅದರ ಬುಡದಲ್ಲಿರುವುದು ಗಣಿತ. ಎಂಜಿನಿಯರಿಂಗ್‌ನ ಮೊದಲ ವರ್ಷದಿಂದಲೇ ಗಣಿತ ಎದುರಾಗುತ್ತದೆ. ಪಿಯುಸಿಯಲ್ಲಿ ಹೇಗೋ ಉರು ಹೊಡೆದು ದಾಟಿದವರು ಇಲ್ಲಿ ಸಿಕ್ಕಿಬಿದ್ದು, ಪ್ರತಿ ಸೆಮಿಸ್ಟರ್‌ಗೂ ಬ್ಯಾಕ್ ಉಳಿಸಿಕೊಂಡು ಒದ್ದಾಡುತ್ತಾರೆ.

ಈ ವಿದ್ಯೆ ನಮಗೆ ಪರಕೀಯವೇನಲ್ಲ. ಕಂಪ್ಯೂಟರ್‌ನವರು ದಿನಾ ಹೇಳುವ 'ಅಲ್ಗಾರಿದಮ್' ಎಂಬ ಪದ ಬಂದದ್ದು ಅಲ್‌ಖ್ವಾರಿಝ್ಮಿ ಎಂಬ ಹೆಸರಿನಿಂದ. 9ನೇ ಶತಮಾನದಲ್ಲಿ, ಖಲೀಫಾ ಮಅ್‌ಮೂನರ ಕಾಲದ ಬಗ್ದಾದಿನ ಬೈತುಲ್ ಹಿಕ್ಮಾದಲ್ಲಿದ್ದ ವಿದ್ವಾಂಸರು ಅವರು. 'ಆಲ್‌ಜೀಬ್ರಾ' ಎಂಬ ಪದವೂ ಅವರ ಗ್ರಂಥದ ಹೆಸರಿನಲ್ಲಿರುವ 'ಅಲ್‌ಜಬ್ರ್' ಎಂಬುದರಿಂದಲೇ ಬಂತು. ಆ ಗ್ರಂಥದ ದೊಡ್ಡ ಭಾಗ ಇರುವುದು ಮೀರಾಸಿನ ಲೆಕ್ಕಗಳ ಬಗ್ಗೆ, ಅಂದರೆ ತೀರಿಕೊಂಡವರ ಆಸ್ತಿಯನ್ನು ವಾರಸುದಾರರಿಗೆ ಹಂಚುವ ಲೆಕ್ಕಗಳ ಬಗ್ಗೆ.

ಅದನ್ನೇ ಒಂದು ಪರೀಕ್ಷೆಯಾಗಿ ಮನೆಯಲ್ಲಿ ಮಾಡಿ ನೋಡಬಹುದು. ಒಬ್ಬರು ತೀರಿಕೊಂಡರು. ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ, ಬೇರೆ ವಾರಸುದಾರರಿಲ್ಲ. ಮೊದಲು ಮಯ್ಯಿತ್‌ನ ಖರ್ಚು, ನಂತರ ಸಾಲ, ನಂತರ ಮೂರನೇ ಒಂದಕ್ಕೆ ಮೀರದ ವಸಿಯ್ಯತ್ತು. ಉಳಿದದ್ದರಲ್ಲಿ ಪತ್ನಿಗೆ ಎಂಟನೇ ಒಂದು. ಮಿಕ್ಕಿದ್ದನ್ನು ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು ಪಾಲು. ಆಸ್ತಿಯನ್ನು 32 ಭಾಗ ಮಾಡಿದರೆ ಪತ್ನಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ 7ರಂತೆ ಬರುತ್ತದೆ. ಇಷ್ಟನ್ನು ಯಾರಾದರೂ ಮಾಡಿಯಾರು. ಈಗ ಮಗುವಿಗೆ ಹೇಳಿ: "ಗಂಡುಮಕ್ಕಳು ಎಷ್ಟೇ ಇರಲಿ, ಹೆಣ್ಣುಮಕ್ಕಳು ಎಷ್ಟೇ ಇರಲಿ, ಪತ್ನಿ ಇರಲಿ ಇಲ್ಲದಿರಲಿ, ಯಾವ ಮನೆಗೂ ಹೊಂದುವ ಹಾಗೆ ಹಂತ ಹಂತವಾಗಿ ಬರೆದು ಕೊಡು." ಗಂಡುಮಕ್ಕಳೇ ಇಲ್ಲದಿದ್ದರೆ ಎಂತ? ಮಕ್ಕಳೇ ಇಲ್ಲದಿದ್ದರೆ ಪತ್ನಿಗೆ ನಾಲ್ಕನೇ ಒಂದಾಗುತ್ತದಲ್ಲ, ಅದು ಎಲ್ಲಿ ಬರಬೇಕು? ಹೀಗೆ 'ಇದ್ದರೆ', 'ಇಲ್ಲದಿದ್ದರೆ' ಸೇರಿಸುತ್ತಾ ಹೋಗುವುದೇ ಪ್ರೋಗ್ರಾಮಿಂಗ್.

ಉತ್ತರ ಸರಿ ಬಂತಾ ಎನ್ನುವುದು ಇಲ್ಲಿ ಮುಖ್ಯವಲ್ಲ. ತಪ್ಪಿದಾಗ ಮಗು ಎಂತ ಮಾಡುತ್ತದೆ ಎಂದು ನೋಡಿ. ಕಾಗದ ಎಸೆದು ಎದ್ದು ಹೋಗುತ್ತದೋ, ಊಟಕ್ಕೆ ಕರೆದರೂ "ಒಂದು ನಿಮಿಷ ಉಮ್ಮಾ" ಎನ್ನುತ್ತದೋ? ಕಂಪ್ಯೂಟರ್‌ನ ಕೆಲಸದಲ್ಲಿ ದಿನದ ಬಹುಪಾಲು ಹೋಗುವುದು ತಪ್ಪು ಹುಡುಕುವುದರಲ್ಲಿ. ಅದರಲ್ಲಿ ತಾಳ್ಮೆ ಇರುವ ಮಗುವಿಗೆ ಈ ದಾರಿ ಹೊಂದಬಹುದು. ರಜೆಯಲ್ಲಿ ಪೈಥಾನ್ ಎಂಬ ಭಾಷೆಯನ್ನು ಕಲಿಯಲು ಬಿಡಿ. ಅದಕ್ಕೆ ದುಡ್ಡು ಬೇಡ, ಆರಂಭದ ಪಾಠಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ತಿಂಗಳು ಕಳೆದ ಮೇಲೆ ಮಗುವೇ ಹೇಳುತ್ತದೆ, ಬೇಕಾ ಬೇಡವಾ ಎಂದು.

ಬಾಗಿಲು ತೆರೆಯುವುದು ಗಣಿತ

ಎರಡನೆಯದು ಪಿಯುಸಿ. ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ಕಲ್ಪನೆ ಉಂಟು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳದಿದ್ದರೆ ಮುಂದೆ ಕಂಪ್ಯೂಟರ್ ಎಂಜಿನಿಯರಿಂಗ್ ಸಿಗುವುದಿಲ್ಲ ಎಂದುಕೊಂಡು, ಹತ್ತಿರದ ಕಾಲೇಜಿನಲ್ಲಿ ಪಿಸಿಎಂಸಿ ಇಲ್ಲವೆಂದು ಮಗುವನ್ನು ದೂರದ ಊರಿನ ಹಾಸ್ಟೆಲ್‌ಗೆ ಕಳಿಸುತ್ತಾರೆ. ಹಾಗಿಲ್ಲ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರಿಂದ. ಈ ಮೂರರಲ್ಲಿ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಪಿಯುಸಿಯ ಕಂಪ್ಯೂಟರ್ ಸೈನ್ಸ್ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಆದ್ದರಿಂದ ಪಿಸಿಎಂಬಿ, ಪಿಸಿಎಂಸಿ, ಪಿಸಿಎಂಇ ಯಾವುದಾದರೂ ಆಗುತ್ತದೆ. ಗಣಿತ ಬಿಟ್ಟರೆ ಮಾತ್ರ ಬಾಗಿಲು ಮುಚ್ಚಿತು. ಮಗುವಿಗೆ ಇನ್ನೂ ಸಂಶಯ ಇದ್ದರೆ ಗಣಿತ ಇರುವ ಗುಂಪನ್ನು ತೆಗೆದುಕೊಳ್ಳಲಿ. ತೀರ್ಮಾನಕ್ಕೆ ಇನ್ನೂ ಎರಡು ವರ್ಷ ಸಿಗುತ್ತದೆ.

ವಿಜ್ಞಾನವೇ ಬೇಕೆಂದೂ ಇಲ್ಲ. ವಾಣಿಜ್ಯ ಓದಿದವರೂ ಬಿಸಿಎ ಮಾಡುತ್ತಾರೆ. ಮೂರು ವರ್ಷ ಬಿಸಿಎ, ನಂತರ ಎರಡು ವರ್ಷ ಎಂಸಿಎ. ಕೆಲವು ಕಾಲೇಜುಗಳು ಬಿಸಿಎಗೂ ಗಣಿತ ಅಥವಾ ಕಂಪ್ಯೂಟರ್ ಸೈನ್ಸ್ ಕೇಳಬಹುದು, ಆದ್ದರಿಂದ ಪಿಯುಸಿಗೆ ಸೇರುವ ಮೊದಲೇ ವಿಚಾರಿಸುವುದು ಒಳ್ಳೆಯದು. ಇನ್ನೊಂದು ದಾರಿ ಪಾಲಿಟೆಕ್ನಿಕ್. ಎಸೆಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ. ಮಂಗಳೂರಿನ ಕದ್ರಿಗುಡ್ಡೆಯಲ್ಲಿ ಸರಕಾರದ ಕರ್ನಾಟಕ ಪಾಲಿಟೆಕ್ನಿಕ್, ನಮ್ಮವರು ಕೆಪಿಟಿ ಎನ್ನುವುದು, ಎಷ್ಟೋ ಮಕ್ಕಳ ಬಾಳಿಗೆ ದಾರಿಯಾಗಿದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಖರ್ಚು ಕಡಿಮೆ, ಕೈಕೆಲಸವೂ ಬರುತ್ತದೆ. "ಡಿಪ್ಲೊಮಾ ಅಂದ್ರೆ ಮರ್ಯಾದೆ ಕಡಿಮೆ" ಎನ್ನುವ ಮಾತು ಬಿಟ್ಟುಬಿಡೋಣ.

ಬಡ್ಡಿಯ ಸಾಲ ಮಾಡಿ ಸೀಟು ಬೇಕಾ?

ಮೂರನೆಯದು ಹಣ. ಕೆಲವು ಖಾಸಗಿ ಕಾಲೇಜುಗಳಲ್ಲಿ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟಿಗೆ ವರ್ಷಕ್ಕೆ ಹಲವು ಲಕ್ಷ ಹೇಳುತ್ತಾರೆ. ಉಮ್ಮನ ಕೈಯ ಬಳೆ, ತಂಗಿಯ ಮದುವೆಗೆಂದು ಇಟ್ಟ ಹಣ, ಕೊನೆಗೆ ಬಡ್ಡಿಯ ಸಾಲ. ಒಂದು ಲೆಕ್ಕ ಹಾಕೋಣ. ನಾಲ್ಕು ವರ್ಷಕ್ಕೆ 12 ಲಕ್ಷ ಖರ್ಚಾಯಿತು ಎಂದಿಟ್ಟುಕೊಳ್ಳಿ. ದೊಡ್ಡ ಐಟಿ ಕಂಪೆನಿಗಳಲ್ಲಿ ಹೊಸದಾಗಿ ಸೇರುವ ಬಹುತೇಕರಿಗೆ ಸಿಗುವುದು ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆಸುಪಾಸು. ಕೈಗೆ ತಿಂಗಳಿಗೆ 25 ಸಾವಿರ ಬಂತೆನ್ನೋಣ. ಬೆಂಗಳೂರಿನ ಪಿಜಿ, ಊಟ, ಬಸ್ಸು ಎಂದು 15 ಸಾವಿರ ಹೋದರೆ ಉಳಿಯುವುದು 10 ಸಾವಿರ. ಸಂಬಳ ಏರದಿದ್ದರೆ 12 ಲಕ್ಷ ತೀರಲು 120 ತಿಂಗಳು, ಅಂದರೆ ಹತ್ತು ವರ್ಷ. ಬಡ್ಡಿ ಇನ್ನೂ ಸೇರಿಸಿಲ್ಲ. ಕಲಿತವನಿಗೆ ಸಂಬಳ ಏರುತ್ತದೆ, ಸರಿ. ಆದರೆ ಬ್ಯಾಕ್ ಉಳಿಸಿಕೊಂಡವನಿಗೆ ಆ ಮೊದಲ ಕೆಲಸವೇ ಸಿಗುವುದು ಕಷ್ಟ. ಬಡ್ಡಿ ಎಷ್ಟು ದೊಡ್ಡ ಪಾಪ ಎಂದು ನಾವು ಮಿಂಬರಿನಿಂದ ಹೇಳುತ್ತೇವೆ. ಅದಕ್ಕೆ ಸಿಕ್ಕಿಬೀಳದೆ ಓದಿಸುವ ದಾರಿಯನ್ನೂ ಹೇಳುವುದು ನಮ್ಮ ಕರ್ತವ್ಯ.

ದಾರಿ ಉಂಟು, ಆದರೆ ಅದು ಶುರುವಾಗುವುದು ಸಿಇಟಿ ರ‍್ಯಾಂಕಿನಿಂದ. ಒಳ್ಳೆಯ ರ‍್ಯಾಂಕ್ ಬಂದರೆ ಸರಕಾರಿ ಸೀಟು, ಕಡಿಮೆ ಶುಲ್ಕ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯ ಇರುವ ಮನೆಯ ಮಕ್ಕಳಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ, ಅದರಲ್ಲಿ ಬೋಧನಾ ಶುಲ್ಕ ವಿನಾಯಿತಿ. ಒಂದರಿಂದ ಹತ್ತನೆಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ ಉಂಟು. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯ ಸರಕಾರಿ ಶಾಲೆಗಳಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳಿಗೆ ಇವೆರಡೂ ಅನ್ವಯಿಸಬಹುದು. ಸಿಇಟಿ ಮೂಲಕ ಸೀಟು ಸಿಕ್ಕಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆ ಇದೆ. ಷರತ್ತುಗಳನ್ನು ನಿಗಮದ ಜಿಲ್ಲಾ ಕಚೇರಿಯಲ್ಲಿ ಕೇಳಿ, ಸಂಶಯವಿದ್ದರೆ ಆಲಿಮರಲ್ಲೂ ಕೇಳಿ ಮುಂದುವರಿಯಿರಿ. 2ಬಿ ಮತ್ತು ಆದಾಯದ ಪ್ರಮಾಣಪತ್ರ, ಶಾಲೆಯಿಂದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರ, ಇವನ್ನು ಪಿಯುಸಿ ಓದುತ್ತಿರುವಾಗಲೇ ಮಾಡಿಸಿ ಇಡಬೇಕು. ಕೊನೆಯ ದಿನ ನಾಡಕಚೇರಿಗೆ ಓಡಿದರೆ ಹಕ್ಕಿದ್ದೂ ಸೀಟು ಕೈತಪ್ಪುತ್ತದೆ. ಜಮಾಅತ್ ಕಮಿಟಿಯವರು ಮಸೀದಿಯಲ್ಲಿ ಒಂದು ಸಂಜೆ ಇದಕ್ಕಾಗಿ ಇಟ್ಟರೆ, ಊರಿನ ಹತ್ತಿಪ್ಪತ್ತು ಮನೆಗಳಿಗೆ ಉಪಕಾರ.

ಎಲ್ಲರೂ ಹೋದ ದಾರಿ

"ಕಂಪ್ಯೂಟರ್ ಕಲಿತರೆ ಕೆಲಸ ಗ್ಯಾರಂಟಿ" ಎನ್ನುವವರಿಗೆ ನಮ್ಮದೇ ಇತಿಹಾಸ ನೆನಪಿಸಬೇಕು. ಬಂದರಿನ ಮಂಡಿ ವ್ಯಾಪಾರದಿಂದ ಗಲ್ಫಿಗೆ ಹೋದ ಸಮುದಾಯ ನಮ್ಮದು. ಒಬ್ಬರು ಹೋದರು, ಮನೆ ಕಟ್ಟಿದರು, ಅದನ್ನು ನೋಡಿ ಊರೇ ಹೋಯಿತು. 2011ರಲ್ಲಿ ಸೌದಿಯಲ್ಲಿ ನಿತಾಖಾತ್ ಬಂತು, 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸ ಅಲ್ಲಿನವರಿಗೇ ಮೀಸಲಾಯಿತು. ಎಷ್ಟೋ ಮಂದಿ ಪೆಟ್ಟಿಗೆ ಕಟ್ಟಿ ಬಂದರು. ಕೈಯಲ್ಲಿ ವಿದ್ಯೆಯೋ ಕಸುಬೋ ಇದ್ದವರು ಬೇರೆ ದಾರಿ ಕಂಡುಕೊಂಡರು.

ಐಟಿಯ ಕಥೆಯೂ ಹಾಗೆಯೇ. ಒಂದು ವರ್ಷ ಕಂಪೆನಿಗಳು ಸಾಲುಗಟ್ಟಿ ಕರೆಯುತ್ತವೆ, ಮತ್ತೊಂದು ವರ್ಷ ಕಾಲೇಜಿನತ್ತ ತಲೆ ಹಾಕುವುದಿಲ್ಲ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸಣ್ಣಪುಟ್ಟ ಪ್ರೋಗ್ರಾಮ್‌ಗಳನ್ನು ಯಂತ್ರವೇ ಬರೆಯುತ್ತದೆ. ಇದರಿಂದ ಹೆದರಿ ಓಡುವುದೂ ಬೇಡ. ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಹೇಳಲು ಬುಡದ ತಿಳುವಳಿಕೆ ಬೇಕೇ ಬೇಕು. ಅರ್ಥ ಮಾಡಿಕೊಂಡು ಕಲಿತವರಿಗೆ ಬೆಲೆ ಇದ್ದೇ ಇದೆ, ಸರ್ಟಿಫಿಕೇಟಿಗಾಗಿ ಕಲಿತವರಿಗೆ ಕಷ್ಟ. ಆದ್ದರಿಂದಲೇ "ಎಲ್ಲರೂ ಮಾಡುತ್ತಾರೆ" ಎಂಬ ಕಾರಣ ಈಗ ಮೊದಲಿಗಿಂತಲೂ ದುರ್ಬಲ.

ಮೋಲುವಿಗೆ ಬೇರೆ ಅಳತೆ ಬೇಡ

ಹೆಣ್ಣುಮಕ್ಕಳ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಪ್ರಶ್ನೆಯೇ ಬದಲಾಗುತ್ತದೆ. "ಅವಳಿಗೆ ಆಗುತ್ತದಾ?" ಎಂದು ಕೇಳುವುದಿಲ್ಲ. "ಬೆಂಗಳೂರಿಗೆ ಕಳಿಸ್ಲಿಕ್ಕೆ ಆಗುತ್ತದಾ? ಮದುವೆ ತಡ ಆಗುದಿಲ್ವಾ?" ಎನ್ನುತ್ತೇವೆ. ಮದ್ರಸದಲ್ಲೂ ಶಾಲೆಯಲ್ಲೂ ಮುಂದೆ ಇರುವ ಎಷ್ಟೋ ಹುಡುಗಿಯರ ಓದು ಈ ಪ್ರಶ್ನೆಯಲ್ಲೇ ನಿಲ್ಲುತ್ತದೆ. ಎಂಜಿನಿಯರಿಂಗ್ ಓದಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಂಗಳೂರಿನ ಸುತ್ತಮುತ್ತಲೇ ಸಾಕಷ್ಟು ಕಾಲೇಜುಗಳಿವೆ, ಇನ್ನೋಳಿಯಲ್ಲಿ ಬ್ಯಾರೀಸ್, ನಡುಪದವಿನಲ್ಲಿ ಪಿ.ಎ. ಹೀಗೆ ನಮ್ಮ ಸಮುದಾಯದವರು ಕಟ್ಟಿದವೂ ಇವೆ. ಮನೆಯಿಂದಲೇ ಹೋಗಿ ಬರಬಹುದು. ಈ ವಿದ್ಯೆಯ ಕೆಲವು ಕೆಲಸಗಳನ್ನು ಮನೆಯಲ್ಲಿ ಕುಳಿತು ಮಾಡಬಹುದು ಎನ್ನುವುದನ್ನೂ ಲಾಕ್‌ಡೌನ್ ಕಾಲದಲ್ಲಿ ಎಲ್ಲರೂ ನೋಡಿದ್ದೇವೆ. ಮೋನುವಿಗೆ ಕೊಟ್ಟ ಮೀರಾಸಿನ ಲೆಕ್ಕವನ್ನೇ ಮೋಲುವಿಗೂ ಕೊಡಿ. ಅವಳು ಚೆನ್ನಾಗಿ ಮಾಡಿ, ಮೋನು ಎದ್ದು ಹೋದರೆ, ಓದಿಸುವ ಹಣ ಯಾರ ಮೇಲೆ ಹಾಕಬೇಕೆಂದು ಬಾಪ ಉಮ್ಮ ನ್ಯಾಯವಾಗಿ ಯೋಚಿಸಲಿ.

ಮಗುವಿಗೆ ಗಣಿತ ಒಗ್ಗದಿದ್ದರೆ ಅದನ್ನು ಸೋಲು ಎಂದು ತಿಳಿಯುವುದು ಬೇಡ. ಲೆಕ್ಕಪತ್ರ ಇಷ್ಟವಿದ್ದರೆ ಬಿಕಾಂ, ಸಿಎ. ಕೈಕೆಲಸ ಇಷ್ಟವಿದ್ದರೆ ಐಟಿಐ. ಕಲಿಸುವುದು ಇಷ್ಟವಿದ್ದರೆ ಬಿಎಡ್. ಮನಸ್ಸಿಲ್ಲದ ಕೋರ್ಸಿಗೆ ದಬ್ಬಿದ ಹುಡುಗ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟರೆ, ಹೋಗುವುದು ಹಣ ಮಾತ್ರ ಅಲ್ಲ. ಬಾಪ ಮತ್ತು ಮಗನ ನಡುವಿನ ಮಾತೂ ನಿಂತು ಹೋಗುತ್ತದೆ. ಅದನ್ನು ಮತ್ತೆ ಜೋಡಿಸಲು ಯಾವ ಕೋರ್ಸೂ ಇಲ್ಲ.

ದೀನು ನಮಗೆ ಎರಡು ವಿಷಯ ಕಲಿಸಿದೆ, ಮಶ್ವರಾ ಮತ್ತು ಇಸ್ತಿಖಾರಾ. ಮಶ್ವರಾ ಎಂದರೆ ಗೊತ್ತಿದ್ದವರನ್ನು ಕೇಳುವುದು. ಊರಿನಲ್ಲಿ ಈ ವಿಷಯ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮನೆಗೆ ಕರೆದು, ಮಗುವಿನ ಎದುರಲ್ಲೇ ಕೇಳಿ: ಓದು ಹೇಗಿತ್ತು, ಎಲ್ಲಿ ಕಷ್ಟವಾಯಿತು, ಈಗ ದಿನಾ ಎಂತ ಕೆಲಸ? ಆಮೇಲೆ ಎರಡು ರಕಅತ್ ನಮಾಝ್ ಮಾಡಿ ಅಲ್ಲಾಹನಲ್ಲಿ ಖೈರ್ ಕೇಳೋಣ. ಆ ನಮಾಝಿಗೆ ಬಾಪ ಉಮ್ಮ ಮಾತ್ರ ನಿಲ್ಲುವುದಲ್ಲ, ಮಗುವೂ ನಿಲ್ಲಲಿ. ಓದಬೇಕಾದದ್ದು ಅದುವೇ ಅಲ್ಲವೇ?