ಮಲಗಿದ ಕ್ಷಯ ಗ್ರಂಥಿಗಳನ್ನು ಕೆಡಿಸುವುದೇ?

ನಮ್ಮ ಕುಲಗೋಡದ ಕಡೆ ಕ್ಷಯ ಅಂದರೆ ಕೆಮ್ಮು, ಕಫ ಅಂತಲೇ ತಿಳಿಯುತ್ತೇವೆ. ಆದರೆ ಅದರ ರೋಗಾಣು ರಕ್ತದೊಡನೆ ಸಾಗಿ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳಲ್ಲೂ ಮನೆ ಮಾಡಬಹುದು. ಮಲಗಿರುವಷ್ಟು ದಿನ ತೊಂದರೆಯಿಲ್ಲ. ವರ್ಷಗಳ ಮೇಲೆ ಎದ್ದಿತೆಂದರೆ ಗ್ರಂಥಿಯನ್ನು ಸದ್ದಿಲ್ಲದೆ ಹಾಳುಮಾಡುತ್ತದೆ. 1855ರಲ್ಲಿ ಲಂಡನ್ನಿನ ಡಾಕ್ಟರ್ ಥಾಮಸ್ ಅಡಿಸನ್ ಈ ಗ್ರಂಥಿಯ ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಅವರದೇ ಹೆಸರು. ಥೈರಾಯ್ಡ್, ಪಿಟ್ಯುಟರಿ ಗ್ರಂಥಿಗಳಿಗೆ ಕ್ಷಯ ತಗಲುವುದು ಅಪರೂಪ.

ಲಕ್ಷಣಗಳೇನು? ತೀರದ ದಣಿವು, ತೂಕ ಇಳಿಯುವುದು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ಉಪ್ಪಿನ ಚಪಲ, ಬೆರಳ ಗೆಣ್ಣು, ಅಂಗೈ ಗೆರೆ, ಒಸಡು ಕಪ್ಪಾಗುವುದು. 'ಮನೆಗೆಲಸದ ದಣಿವು, ಕಬ್ಬಿನ ಹೊಲದ ಬಿಸಿಲು' ಅಂತ ನಾವು ಸುಮ್ಮನಿದ್ದುಬಿಡುತ್ತೇವೆ, ಅಲ್ಲವೇ ಅಕ್ಕಂದಿರೇ? ಹಾಗೆ ಬಿಡಬೇಡಿರಿ. ಮುಂಜಾನೆ ರಕ್ತ ಕೊಟ್ಟು ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದರೆ ಸುಳಿವು ಸಿಗುತ್ತದೆ.

ಕ್ಷಯದ ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ. ಆದರೆ ಕ್ಷಯ ವಾಸಿಯಾದರೂ ಕೆಟ್ಟ ಗ್ರಂಥಿ ಸಾಮಾನ್ಯವಾಗಿ ಸುಧಾರಿಸದು. ಹೈಡ್ರೋಕಾರ್ಟಿಸೋನ್ ಗುಳಿಗೆ ಜೀವನಪೂರ್ತಿ ಬೇಕು. ಕ್ಷಯದ ರಿಫಾಂಪಿಸಿನ್ ಅದರ ಬಲ ಕುಂದಿಸುತ್ತದೆ, ಆದ್ದರಿಂದ ಎರಡನ್ನೂ ನುಂಗುವವರು ಡಾಕ್ಟರಿಗೆ ತಿಳಿಸಲೇಬೇಕು. ಉಪವಾಸ, ಹಬ್ಬ ಅಂತ ಒಂದು ಹೊತ್ತೂ ತಪ್ಪಿಸಬಾರದು. ವಾಂತಿ, ವಿಪರೀತ ನಿತ್ರಾಣ ಕಂಡರೆ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಹೋಗಿರಿ.