ಕೊಟ್ಟ ಮಾತಿನ ಸಂಬಳ

ತುಮಕೂರಿನ ಹೊರವಲಯದಲ್ಲಿರುವ ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ಗುಬ್ಬಿಯಿಂದಲೋ ಕುಣಿಗಲ್ಲಿನಿಂದಲೋ ಉದ್ಯೋಗವನ್ನರಸಿ ಬರುವ ತರುಣನಿಗೆ, ತಿಂಗಳಿಗೆ ಇಷ್ಟು ರೂಪಾಯಿ ಎಂಬ ಭರವಸೆಯು ಅನೇಕ ವೇಳೆ ಕಾರ್ಖಾನೆಯ ಒಡೆಯನಿಂದಲ್ಲದೆ ಆಳು ಒದಗಿಸುವ ಗುತ್ತಿಗೆದಾರನ ಬಾಯಿಂದ ದೊರೆಯುವುದು. ಬಟವಾಡೆಯ ದಿನ ಆ ಮೊತ್ತವು ಕುಗ್ಗಿ ಬಂದಾಗ ಯಾರನ್ನು ಕೇಳಬೇಕೆಂಬುದೇ ಅವನಿಗೆ ತೋಚದು. ಈ ಕಷ್ಟವು ಎಂತಹ ಅನರ್ಥಕ್ಕೆ ತಿರುಗಬಲ್ಲುದೆಂಬುದನ್ನು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಾಡೆಲ್ಲ ಕಂಡಿತು.

ಆಪಲ್ ಸಂಸ್ಥೆಗಾಗಿ ಐಫೋನುಗಳನ್ನು ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಮುಂಜಾನೆ, ರಾತ್ರಿಯ ಪಾಳಿ ಮುಗಿಸಿದ ಕಾರ್ಮಿಕರ ಅಸಮಾಧಾನವು ಸ್ಫೋಟಗೊಂಡು, ಗಾಜು, ಯಂತ್ರ, ವಾಹನಗಳು ನುಚ್ಚುನೂರಾದುವು. ಇಪ್ಪತ್ತೊಂದು ಸಾವಿರ ರೂಪಾಯಿ ಕೊಡುವೆವೆಂದು ಇಂಜಿನಿಯರಿಂಗ್ ಪದವೀಧರರನ್ನು ಕರೆತಂದು, ಮೊದಲು ಹದಿನಾರಕ್ಕೂ ಆಮೇಲೆ ಹನ್ನೆರಡಕ್ಕೂ ಇಳಿಸಿದರೆಂಬುದು ಅವರ ದೂರಾಗಿದ್ದಿತು. ನೂರೈವತ್ತಕ್ಕೂ ಮಿಕ್ಕಿ ಜನ ಬಂಧಿತರಾದರು. ಹಿಂಸೆಯನ್ನು ನಾನು ಸಮರ್ಥಿಸಲಾರೆ. ಆದರೆ ದುಡಿದವನ ದೂರನ್ನು ಆಲಿಸುವ ಕಿವಿಯೇ ಇಲ್ಲದಂತೆ ಮಾಡಿದುದು ಅದಕ್ಕೂ ಮೊದಲಿನ ಅಪರಾಧವೆಂದು ದೃಢವಾಗಿ ನಂಬುವೆನು.

ಏಕೆಂದರೆ ಅಲ್ಲಿ ಕಾರ್ಮಿಕರನ್ನು ಒದಗಿಸುತ್ತಿದ್ದವು ಆರು ಗುತ್ತಿಗೆ ಸಂಸ್ಥೆಗಳು. ಐದು ಸಾವಿರದಷ್ಟಿದ್ದ ಕೆಲಸಗಾರರ ಸಂಖ್ಯೆಯು ಅಲ್ಪಕಾಲದಲ್ಲಿಯೇ ಹತ್ತೂವರೆ ಸಾವಿರಕ್ಕೇರಿತ್ತು. ಎಂಟು ಗಂಟೆಯ ಪಾಳಿಯು ಹನ್ನೆರಡು ಗಂಟೆಗೆ ಹಿಗ್ಗಿತ್ತು. ಹಾಜರಿಯನ್ನು ದಾಖಲಿಸುವ ವ್ಯವಸ್ಥೆಯು ಕೆಟ್ಟಿದ್ದರೂ ಅದನ್ನು ಸರಿಪಡಿಸಿರಲಿಲ್ಲವೆಂದು ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯಲ್ಲಿ ಕಂಡುಬಂದಿತು. ಹಾಜರಿಯೇ ತಪ್ಪಾದರೆ ಓವರ್‌ಟೈಂ ಲೆಕ್ಕವೂ ತಪ್ಪು, ಸಂಬಳವೂ ತಪ್ಪು. ಕೇಳಹೋದವನನ್ನು ಕಂಪನಿಯು ಗುತ್ತಿಗೆದಾರನತ್ತ, ಗುತ್ತಿಗೆದಾರನು ಕಂಪನಿಯತ್ತ ಕೈತೋರಿ ಕಳುಹಿಸಲು ಇಂತಹ ಏರ್ಪಾಡಿನಲ್ಲಿ ಯಾವ ಅಡ್ಡಿಯೂ ಇರದು. ಒಂದು ವಾರದ ತರುವಾಯ ವಿಸ್ಟ್ರಾನ್ ಕ್ಷಮೆ ಯಾಚಿಸಿ, ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷನನ್ನು ಪದಚ್ಯುತಗೊಳಿಸಿತು. ಲೋಪಗಳು ಸರಿಹೋಗುವವರೆಗೆ ಹೊಸ ಕೆಲಸ ಕೊಡೆವೆಂದು ಆಪಲ್ ಸಾರಿತು. ಆ ಕ್ಷಮೆಯು ಹದಿನೈದು ದಿನ ಮುಂಚೆಯೇ ಬರಬಾರದಾಗಿತ್ತೇ!

ಮಾತು ಕಾಗದದಲ್ಲಿಲ್ಲವೆಂಬ ಕಾರಣಕ್ಕೆ ಅದು ಮಾತೇ ಅಲ್ಲವೆಂದು ಎದೆಗುಂದಬೇಕಾಗಿಲ್ಲ. ಸ್ಪಷ್ಟವಾಗಿ ಹೇಳಿದ ಷರತ್ತನ್ನಷ್ಟೇ ಅಲ್ಲದೆ ಸೂಚಿತವಾದ ಷರತ್ತನ್ನೂ 1936ರ ವೇತನ ಪಾವತಿ ಕಾಯಿದೆಯು ಮಾನ್ಯಮಾಡಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯೂ ಹಾಗೆಯೇ ಮಾಡುತ್ತದೆ. ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಗುತ್ತಿಗೆದಾರನು ಕೈಕೊಟ್ಟರೆ ಕಾರ್ಖಾನೆಯ ಒಡೆತನವುಳ್ಳ ಸಂಸ್ಥೆಯೇ ಹೊಣೆ. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬಹುದು, ಕಾರ್ಮಿಕನ ಪರವಾಗಿ ನೋಂದಾಯಿತ ಸಂಘವೂ ಸಲ್ಲಿಸಬಹುದು. ಬಾಕಿಯ ಹತ್ತುಪಟ್ಟಿನವರೆಗೆ ಪರಿಹಾರವನ್ನು ವಿಧಿಸಲು ಅವಕಾಶವುಂಟು. ಎಲ್ಲಕ್ಕಿಂತ ಮಿಗಿಲಾಗಿ, ಹಣ ಕೊಟ್ಟೆನೆಂದು ರುಜುವಾತುಪಡಿಸುವ ಭಾರವು ಧಣಿಯ ಮೇಲಿದೆ.

ಆದುದರಿಂದ ಕೆಲಸಕ್ಕೆ ಸೇರುವ ದಿನವೇ ನೇಮಕಾತಿ ಪತ್ರವನ್ನು ಕೇಳಿ ಪಡೆಯುವುದು, ಭರವಸೆಯಿತ್ತ ಸಂದೇಶವನ್ನು ಫೋನಿನಿಂದ ಅಳಿಸದಿರುವುದು, ವೇತನ ಚೀಟಿಯನ್ನೂ ಬ್ಯಾಂಕಿನ ಲೆಕ್ಕವನ್ನೂ ಪಿ.ಎಫ್. ಪಾಸ್‌ಬುಕ್ಕನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು, ಪಾಳಿಯ ಗಂಟೆಗಳನ್ನು ಸ್ವಂತ ಪುಸ್ತಕದಲ್ಲಿ ದಿನವೂ ಬರೆಯುವುದು ಅವಶ್ಯಕ. ಒಬ್ಬನೇ ಹೋಗಿ ಕೇಳಿದರೆ ಮರುದಿನ ಗೇಟಿನಲ್ಲೇ ತಡೆಯಲ್ಪಡುವ ಭಯವು ನಿಜವಾದುದು. ಅದೇ ಕೊರತೆಯನ್ನುಂಡ ಇಪ್ಪತ್ತು ಮಂದಿ ಒಂದೇ ಅರ್ಜಿಗೆ ಸಹಿಮಾಡಿ, ಕಾರ್ಮಿಕ ಅಧಿಕಾರಿಯ ಕಚೇರಿಗೆ ಸಲ್ಲಿಸಿ, ಸ್ವೀಕೃತಿ ಪಡೆದರೆ ಅವರೆಲ್ಲರನ್ನೂ ಒಮ್ಮೆಗೇ ಹೊರದೂಡುವುದು ಸುಲಭವಲ್ಲ.